ಚಕ್ಕಾ ಕಟ್ಟಿದ ಮನೆ

ಮೊಸರು ಗಡಿಗೆಯಲ್ಲಿ ಇರುವಷ್ಟು ಹೊತ್ತು ಯಾರ ತಂಟೆಗೂ ಹೋಗುವುದಿಲ್ಲ. ಅದನ್ನು ಬಟ್ಟೆಯಲ್ಲಿ ಕಟ್ಟಿ ಗೂಟಕ್ಕೆ ತೂಗುಬಿಟ್ಟಿರೋ, ಮನೆಯಲ್ಲಿ ಏನಾದರೊಂದು ನಡೆದೇ ತೀರುತ್ತದೆ. ನಮ್ಮ ಮನೆಯಲ್ಲಂತೂ ನಡೆಯಿತು.

ಎರಡನೇ ಮಹಾಯುದ್ಧ ಶುರುವಾಗುವ ಮುಂಚಿನ ಮಾತು. ನಾನು ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ಕಾರಕೂನ. ಬೆಳಗಾವಿಯ ಹುಡುಗಿಯನ್ನು ಮದುವೆಯಾಗಿ ಕರೆತಂದಿದ್ದೆ. ಕಾಡಿನ ಚಳಿಜ್ವರದ ಸುದ್ದಿ ಕೇಳಿ ಹೆದರಿದ್ದ ಮಾವನವರು ಕಳಿಸಿಕೊಡುವಾಗಲೇ ಹೇಳಿದ್ದರು: "ಯುಗಾದಿ ಪಾಡ್ಯಕ್ಕ ಬರ್ತೇನಿ. ಅಕಿಗೆ ಅಲ್ಲಿ ಬ್ಯಾಸರಾಗಿದ್ರ ಕರಕೊಂಡು ಬಂದುಬಿಡ್ತೇನಿ. ನಿಮಗ ವರ್ಗ ಆದಮ್ಯಾಲೆ ಮುಂದಿಂದು ನೋಡೂಣು."

ನಾನು ಮಾತು ಕಡಿಮೆಯವನು. "ಹೂಂ" ಅಂದೆ. ಇಲ್ಲಿಗೆ ಬಂದ ಮೇಲೂ ನಾನು ಪುಸ್ತಕ ಹಿಡಿದು ಕೂತರೆ ಅವಳು ಕಿಟಕಿಯಲ್ಲಿ ಸಾಗವಾನಿ ತುಂಡುಗಳ ರಾಶಿ ನೋಡುತ್ತ ಕೂರುತ್ತಿದ್ದಳು. ಬೇಸರವಾಗಿದೆಯೇ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಒಂದು ದಿನ ಅವಳೇ ಎದ್ದು, ತವರಿನಲ್ಲಿ ಮಾಡುತ್ತಿದ್ದಂತೆ ಮೊಸರಿನ ನೀರು ಸೋಸಿ ಚಕ್ಕಾ ಮಾಡಲು ಹೊರಟಳು. ಅದಕ್ಕೆ ಸಕ್ಕರೆ, ಏಲಕ್ಕಿ ಹಾಕಿ ತಿಕ್ಕಿದರೆ ಶ್ರೀಖಂಡ.

ರುಮಾಲು

ಸೋಸಲು ತೆಳು ಬಟ್ಟೆ ಬೇಕು. ಮನೆಯಲ್ಲಿದ್ದ ತೆಳು ಬಟ್ಟೆಯೆಂದರೆ ನಾನು ತಲೆಗೆ ಸುತ್ತಿಕೊಂಡು ಕಚೇರಿಗೆ ಹೋಗುವ ರುಮಾಲು. ಅದರ ಒಂದು ಸೆರಗಿನಲ್ಲಿ ಮೊಸರು ಕಟ್ಟಿದಳು, ಮರುದಿನ ಒಗೆದು ಒಣಗಿಸಿ ಕೊಟ್ಟಳು. ನಾನು ಸುತ್ತಿಕೊಂಡು ಹೋದೆ. ಬಿಸಿಲು ಏರಿದಂತೆ ಸಾಹೇಬರು ಮೂಗು ಎತ್ತಿ ಕೇಳಿದರು, "ಯಾರ್ರೀ ಅದು, ಕಚೇರ್ಯಾಗ ಮಜ್ಜಿಗಿ ತಂದವರು?" ಎಲ್ಲರೂ ಮೇಜಿನ ಕೆಳಗೆ ಬಗ್ಗಿ ಹುಡುಕಿದರು. ನಾನೂ ಹುಡುಕಿದೆ.

ಮನೆಗೆ ಬಂದು ಹೇಳಿದರೆ ಅವಳು ಬಟ್ಟಲನ್ನು ನನ್ನ ಮೂಗಿಗೆ ಹಿಡಿದಳು. "ನಿಮ್ಮದು ಇರಲಿ, ಇದನ್ನ ನೋಡ್ರಿ. ಚಕ್ಕಾ ಎಲ್ಲಾ ನಿಮ್ಮ ತಲಿಎಣ್ಣಿ ವಾಸನಿ!"

ಹಾಲಿನಾಕೆ

ಅಂಬೇವಾಡಿ ಕಡೆಯಿಂದ ಎಮ್ಮೆ ಹಾಲು ತರುವ ಹೆಂಗಸೊಬ್ಬಳಿದ್ದಳು. ಹಾಲಿಗೆ ಒಂದು ಹನಿ ನೀರು ಸೋಕಿಸುವುದಿಲ್ಲವೆಂದು ದಿನಾ ಬಾಗಿಲಲ್ಲಿ ದೇವರಾಣೆ ಇಡುತ್ತಿದ್ದಳು. ಒಂದು ಬೆಳಿಗ್ಗೆ ಗೂಟಕ್ಕೆ ತೂಗಿದ ಗಂಟು ಅವಳ ಕಣ್ಣಿಗೆ ಬಿತ್ತು. ಕೆಳಗಿಟ್ಟ ಪಾತ್ರೆಯಲ್ಲಿ ಅರ್ಧದಷ್ಟು ತಿಳಿನೀರು.

"ಇದೇನ್ರಿ ಅಕ್ಕಾರ?"

"ನೀ ಹಾಕಿದ ಹಾಲಿನ ಮೊಸರವ್ವಾ. ಕಟ್ಟಿ ನೀರು ತಗದೇನಿ."

ಹಾಲಿನಾಕೆ ಪಾತ್ರೆಯೊಳಗೆ ಬಗ್ಗಿ ನೋಡಿದಳು. ಮುಖ ಸಣ್ಣದಾಯಿತು. "ಪರೀಕ್ಷಾ ಮಾಡೀರೇನ್ರಿ? ನಮ್ಮವ್ವನಾಣಿ ಅಕ್ಕಾರ, ಇಷ್ಟೆಲ್ಲಾ ನಾ ಹಾಕಿಲ್ರಿ!"

ಮರುದಿನದಿಂದ ಹಾಲು ಎಷ್ಟು ಗಟ್ಟಿ ಬಂತೆಂದರೆ ಚಕ್ಕಾಕ್ಕೆ ಸೋರಲು ನೀರೇ ಸಾಲದಾಯಿತು. ಹಾಲಿನಾಕೆ ದಿನಾ ಕಟ್ಟೆಯ ಮೇಲೆ ಕೂತು ಎಲೆಅಡಿಕೆ ಹಾಕಿಕೊಂಡು ಹೋಗತೊಡಗಿದಳು. ಆ ಊರಲ್ಲಿ ನನ್ನ ಹೆಂಡತಿಗೆ ಅವಳೇ ಮೊದಲ ಗೆಳತಿ.

ಗಂಟಿನ ಮದ್ದು

ಪಕ್ಕದ ಮನೆ ಡಿಪೋ ಲಾರಿಯ ಮಿಸ್ತ್ರಿಯದು. ನಮ್ಮ ಬಾಗಿಲಿನ ಪಕ್ಕ ಬಿಳಿ ಗಂಟು ತೂಗುವುದನ್ನೂ, ಆ ಮಳೆಗಾಲದಲ್ಲಿ ನಮ್ಮ ಮನೆಗೆ ಮಾತ್ರ ಚಳಿಜ್ವರ ಬಾರದ್ದನ್ನೂ ಮಿಸ್ತ್ರಿಯ ಹೆಂಡತಿ ಗಮನಿಸಿದ್ದಳು. ಎರಡನ್ನೂ ಸೇರಿಸಿ ನಾಲ್ಕು ಮನೆಗೆ ಹೇಳಿದಳು. ವಾರದೊಳಗೆ ನಮ್ಮ ಸಾಲಿನ ಬಾಗಿಲಿಗೆಲ್ಲ ಬಿಳಿ ಗಂಟು. ಒಂದರಲ್ಲಿ ಬೇವಿನ ಎಲೆ, ಒಂದರಲ್ಲಿ ಬೂದಿ, ಇನ್ನೊಂದರಲ್ಲಿ ಬರೇ ಉಪ್ಪು. ಮಿಸ್ತ್ರಿಯ ಹೆಂಡತಿ ಮಾತ್ರ ಬಂದು ಕೇಳಿಕೊಂಡು ಹೋಗಿದ್ದರಿಂದ ಮೊಸರನ್ನೇ ಕಟ್ಟಿದ್ದಳು.

ನನ್ನ ಹೆಂಡತಿ ನಗು ತಡೆದುಕೊಂಡು ಮಿಸ್ತ್ರಿಯನ್ನು ಕೇಳಿದಳು, "ಗುಣಾ ಆತೇನ್ರಿ ಭಾಯಿ?"

"ಗೊತ್ತಿಲ್ರಿ ಭಾಬಿ. ಗಂಟು ಒಂದ್ ರಾತ್ರಿನೂ ಬಾಗಲದಾಗ ಉಳೀವಲ್ದು. ಖಾರಾ ಹಚಗೊಂಡು ರೊಟ್ಟಿ ಜೋಡಿ ನಾನ ತಿಂದುಬಿಡ್ತೇನಿ."

ಅವಳು ಅಷ್ಟು ನಕ್ಕದ್ದನ್ನು ನಾನು ಅಂದೇ ಮೊದಲು ಕೇಳಿದ್ದು. ಕೈಯಲ್ಲಿದ್ದ ಪುಸ್ತಕ ಮುಚ್ಚಿಟ್ಟೆ.

ಪಾಡ್ಯ

ಮಾವನವರು ಹೇಳಿದಂತೆಯೇ ಬಂದರು. ಮಗಳ ಸಲುವಾಗಿ ಖಾಲಿ ಟ್ರಂಕು ತಂದಿದ್ದರು. ಅದು ಕಣ್ಣಿಗೆ ಬೀಳದಂತೆ ಬಾಗಿಲ ಹಿಂದೆ ಸರಿಸಿಟ್ಟೆ. ಅಂದು ಮೊಸರು ಬೇರೆ ತಡವಾಗಿ ಹೆಪ್ಪುಗಟ್ಟಿ, ಗಂಟಿನಿಂದ ಇನ್ನೂ ನೀರು ಇಳಿಯುತ್ತಿತ್ತು.

ಡಿಪೋದ ಗಾರ್ಡು ಅಂಗಳದಲ್ಲಿದ್ದ. "ಅದರ ಮ್ಯಾಲೆ ಒಜ್ಜಿ ಹೇರ್ರಿ ರಾಯರ" ಎಂದು, ಗಂಟನ್ನು ಹಲಗೆಯ ಮೇಲಿಟ್ಟು, ಸಾಗವಾನಿಯ ಒಂದು ತುಂಡನ್ನು ಅದರ ಮೇಲೆ ನಿಲ್ಲಿಸಿದ. ಸರಕಾರಿ ಮರದ ತುದಿಗೆ ಸುತ್ತಿಗೆಯಿಂದ ಹೊಡೆದು ಇಲಾಖೆಯ ಗುರುತು ಮೂಡಿಸುವುದು ಪದ್ಧತಿ. ಮಾವನವರ ಎದುರಿಗೆ ಗಂಟು ಬಿಚ್ಚಿದಾಗ ಚಕ್ಕಾದ ನಟ್ಟನಡುವೆ ಆ ಗುರುತು ದುಂಡಗೆ ಒಡಮೂಡಿತ್ತು.

ಊಟಕ್ಕೆ ಕೂತ ಮಾವನವರು ಶ್ರೀಖಂಡವನ್ನು ಮತ್ತೆ ಮತ್ತೆ ಹಾಕಿಸಿಕೊಂಡರು. "ಉಳಿದ ಚಕ್ಕಾ ಕಟ್ಟಿಡವಾ, ನಿಮ್ಮವ್ವಗ ಒಯ್ಯೂಣು."

ಬಾಗಿಲಲ್ಲಿದ್ದ ಗಾರ್ಡು ನೆಟ್ಟಗಾದ. "ಆಗೂದಿಲ್ರಿ ಯಜಮಾನ್ರ. ಗುರುತು ಬಿದ್ದೈತಿ. ಪಾಸಿಲ್ದ ಗೇಟು ದಾಟಂಗಿಲ್ಲ."

"ಚಕ್ಕಾ ಇರಲಿ ಬಿಡೋ. ಮಗಳನ್ನರೆ ಕರಕೊಂಡು ಹೋಗ್ತೇನಿ."

ಅವಳು ಬಡಿಸುವುದನ್ನು ನಿಲ್ಲಿಸಲಿಲ್ಲ. "ನನಗೂ ಪಾಸ್ ಬೇಕಾಗ್ತದಪ್ಪಾ. ನಾನೂ ಈಗ ಈ ಡಿಪೋದ ಮಾಲ."

ಮಾವನವರು ನನ್ನ ಕಡೆ ತಿರುಗಿದರು. "ಕಾರಕೂನರು ನೀವ ಅಲ್ಲೇನು? ಬರದು ಕೊಡ್ರಿ."

ನನಗೆ ಎಲ್ಲಿಂದ ಮಾತು ಬಂತೋ. "ಸಾಹೇಬರ ಸಹಿ ಬೇಕ್ರಿ. ಅವರು ಊರಾಗಿಲ್ಲ."

"ಅದಾರಲ್ರಿ ರಾಯರ!" ಎಂದ ಗಾರ್ಡು. "ಈಗರ ಬಂಗಲೇದಾಗ ನೋಡಿ ಬಂದೆ. ಓಡಿಹೋಗಿ ಕರಕೊಂಡು ಬರ್ಲೇನು?"

ಮಾವನವರು ನನ್ನ ಮುಖ ನೋಡಿದರು, ಮಗಳ ಮುಖ ನೋಡಿದರು, ಆಮೇಲೆ ಬಟ್ಟಲನ್ನು ಮುಂದೆ ಚಾಚಿದರು. "ಕರೀಬ್ಯಾಡೋ ಮಾರಾಯಾ. ಅವರು ಬಂದ್ರ ನನ್ನ ಪಾಲು ಕಡಿಮಿ ಆಗ್ತದ."

ಉಳಿದ ಚಕ್ಕಾವನ್ನೂ ಅಲ್ಲಿಯೇ ಮುಗಿಸಿ, ಮರುದಿನ ಖಾಲಿ ಟ್ರಂಕಿನೊಂದಿಗೆ ಒಬ್ಬರೇ ಹೊರಟರು. ಗೇಟಿನಲ್ಲಿ ಗಾರ್ಡು ಟ್ರಂಕು ತೆರೆಸಿ ನೋಡಿದ, ಮುಚ್ಚಿದ. ಮಾವನವರ ಹೊಟ್ಟೆಯ ಮೇಲೆ ಒಂದು ಗಳಿಗೆ ಕಣ್ಣಿಟ್ಟು, ಗೇಟು ತೆಗೆದು ಹೇಳಿದ:

"ಹೋಗ್ರಿ ಯಜಮಾನ್ರ. ಹೊಟ್ಯಾಗ ಒಯ್ಯೂ ಮಾಲಿಗೆ ಪಾಸ್ ಕೇಳೂ ಕಾಯ್ದೆ ನಮ್ಮಲ್ಲಿ ಇಲ್ಲ."