ಮೈ ತೊಳೆಯುವವರು ಏನಂದಾರು?

ಜಮಖಂಡಿಯಲ್ಲಿ ಇಪ್ಪತ್ತು ವರ್ಷದಿಂದ ಕತ್ತರಿ ಹಿಡಿದಿರುವ ಸರ್ಜನ್ ನಾನು. ಮುಂದೊಗಲು ತೆಗೆಯುವ ಸುಂತಿ ಎಂಬ ಸಣ್ಣ ಆಪರೇಷನ್ ಬಂದಾಗಲೆಲ್ಲ ನನ್ನ ಕೋಣೆಯಲ್ಲಿ ದೊಡ್ಡ ವಾದವೊಂದು ಎದ್ದೇ ಏಳುತ್ತದೆ. ಮೊನ್ನೆ ರಬಕವಿಯ ಮುಸ್ಲಿಂ ಅಜ್ಜಿಯೊಬ್ಬಳು, "ಮೊಮ್ಮಗಂದು ಲಗೂನ ಮುಗಸ್ರಿ" ಎಂದಳು. ಕೂಸಿನ ಅಪ್ಪ, "ಅಂವಾ ದೊಡ್ಡಾಂವ ಆಗ್ಲಿ, ಅವನ್ನ ಕೇಳಿ ಮಾಡೂಣು" ಎಂದ.

"ನಿಂದು ಮಾಡುವಾಗ ನಿನ್ನ ಯಾರ್ ಕೇಳಿದ್ರು?"

"ಅದಕ್ಕ ಹೇಳಾಕತ್ತೇನಿ ಬೇ."

ಇಬ್ಬರೂ ನನ್ನ ಮುಖ ನೋಡಿದರು. ನಾನು ಕನ್ನಡಕ ಒರೆಸುತ್ತ ಕೂತೆ.

೧. ಹುನ್ನೂರಿನ ಗೌಡರು

ಗೌಡರಿಗೆ ಅರವತ್ತೆಂಟು. ಸಕ್ಕರೆ ಕಾಯಿಲೆಯಿಂದ ಮುಂದೊಗಲು ಬಿಗಿದು ಮೂತ್ರ ಹನಿಹನಿಯಾಗಿ ಬರುತ್ತಿತ್ತು. ಅದನ್ನು ತೆಗೆಯದಿದ್ದರೆ ಕಿಡ್ನಿ ಕೆಡುತ್ತದೆ ಎಂದೆ.

"ಅಂದ್ರ ಸುಂತಿ?"

"ಹೌದ್ರಿ."

"ಬ್ಯಾಡ್ರಿ. ನಾ ಸತ್ತಾಗ ಮೈ ತೊಳಿಯೋರು ನೋಡ್ತಾರ. ಗೌಡ ಯಾವಾಗ ಜಾತಿ ಬಿಟ್ಟಾ ಅಂತಾರ. ಮಣ್ಣಿಗೆ ಜಾಗಾ ಕೊಡ್ತಾರೋ ಇಲ್ಲೋ."

ನನಗೆ ನಗು ಬರಲಿಲ್ಲ. ಮನುಷ್ಯ ನಿಜಕ್ಕೂ ಹೆದರಿದ್ದರು.

"ಮಾಡಿಸ್ಲಿಲ್ಲಂದ್ರ ಲಗೂನ ತೊಳೀತಾರ್ರಿ" ಎಂದೆ.

"ತೊಳೀಲ್ರಿ. ಮರ್ಯಾದಿಲೆ ತೊಳೀತಾರ" ಎಂದರು.

೨. ಹಜಾಮಜ್ಜ

ಬಿ.ಪಿ. ಗುಳಿಗೆಗೆ ಬಂದಿದ್ದ ಬೀಳಗಿಯ ಮುದುಕನೊಬ್ಬ ಬಾಗಿಲಲ್ಲಿ ಕೂತು ಇದನ್ನೆಲ್ಲ ಕೇಳಿಸಿಕೊಂಡಿದ್ದ. ನನಗಿಂತ ಮೊದಲು ಸುತ್ತಲಿನ ಊರುಗಳಲ್ಲಿ ಸುಂತಿ ಮಾಡುತ್ತಿದ್ದ ಹಜಾಮ ಅವನು. ಒಂದು ಕ್ಷೌರದ ಕತ್ತಿ, ಗಾಯಕ್ಕೆ ಬಟ್ಟೆ ಸುಟ್ಟ ಬೂದಿ, ಇಷ್ಟೇ ಅವನ ಆಸ್ಪತ್ರೆ. ನೋವು ತಿಳಿಯದಂತೆ ಮಾಡುವ ಸೂಜಿ, ಹೊಲಿಗೆ ಬಂದ ಮೇಲೆ ಅವನನ್ನು ಕರೆಯುವವರಿಲ್ಲ. ಆ ಬೂದಿಯನ್ನು ನಾನು ಒಪ್ಪುವವನಲ್ಲ. ಅವನ ಮಾತನ್ನು ಮಾತ್ರ ಒಪ್ಪಬೇಕಾಯಿತು.

"ಗೌಡ್ರ, ನಮ್ಮ ಇಬ್ರಾಹಿಂ ಪೈಗಂಬರರು ಎಂಬತ್ತನೇ ವಯಸ್ಸಿನ್ಯಾಗ ತಮ್ಮ ಕೈಲೇ ಮಾಡ್ಕೊಂಡ್ರಂತ ಹಿರಿಯಾರು ಹೇಳ್ತಾರ. ನಿಮಗಿನ್ನ ಅರವತ್ತೆಂಟು, ಅಂಜಿಕಿ ಯಾಕ?"

"ತಮ್ಮ ಕೈಲೇ? ಸೂಜಿ ಇಲ್ದ?"

"ಹೂನ್ರಿ."

ಗೌಡರು ನನ್ನತ್ತ ತಿರುಗಿ, "ಸಾಹೇಬ್ರ, ನನಗ ಸೂಜಿ ಎರಡು ಹಾಕ್ರಿ" ಎಂದರು.

೩. ಓಣಿಯ ಗೆಳೆಯ

ಗಾಯ ಮಾಯಿತು, ಹೆದರಿಕೆ ಹೋಗಲಿಲ್ಲ. ಓಣಿಯಲ್ಲಿ ಯಾರೇ ಸತ್ತರೂ ಮೈ ತೊಳೆಯಲು ಮುಂದಾಗುವವನು ಗೌಡರ ಬಾಲ್ಯದ ಗೆಳೆಯ. ಅವನಿಗೇ ಮೊದಲು ಹೇಳಿಬಿಡಿ ಎಂದೆ. ತಿಂಗಳ ನಂತರ ಇಬ್ಬರೂ ಕೂಡಿ ಬಂದರು. ಗೆಳೆಯ ಕಣ್ಣೊರೆಸಿಕೊಳ್ಳುತ್ತಿದ್ದ.

"ನಂದೂ ಆಗೇತ್ರಿ, ಮಿರಜಿನ್ಯಾಗ. ಹನ್ನೆರಡು ವರ್ಷಾತು" ಎಂದ. "ಹೇಣ್ತಿ ಮುಂದ ಹರ್ನಿಯಾ ಆಪರೇಷನ್ ಅಂತ ಹೇಳಿದ್ದೆ. ಊರ ಮಂದಿನೆಲ್ಲಾ ನಾ ತೊಳದೆ, ನನ್ನ ಯಾರು ತೊಳೀತಾರ ಅಂತ ಒಳಗ ಕೊರೀತಿತ್ತು."

"ಇನ್ನೇನು ಚಿಂತಿ? ಒಬ್ಬರನ್ನೊಬ್ಬರು ತೊಳೀರಿ" ಎಂದೆ.

"ಅದ ಜಗಳ ನಡದೈತ್ರಿ" ಎಂದರು ಗೌಡರು. "ಮೊದಲ ಹೋದಾಂವ ಪಾರಾದ. ಹಿಂದ ಉಳದಾಂವನ ಗತಿ ಏನು? ನಾ ಮೊದಲ, ನಾ ಮೊದಲ ಅಂತ ಇಬ್ಬರೂ ಹಟ ಹಿಡದೀವ್ರಿ."