ಧಣಿಯ ಗಾಡಿಗೆ ಎಚ್ ಪೈಪೋ, ಎಕ್ಸ್ ಪೈಪೋ

ಹೊಸಪೇಟೆಯಲ್ಲಿ ಸೈಲೆನ್ಸರ್ ಅಂಗಡಿ ಇಟ್ಟವನು ನಗುವುದಕ್ಕೆ ಬೇರೆ ಕಡೆ ಹೋಗಬೇಕಿಲ್ಲ. ನಗಿಸುವವರು ತಾವಾಗಿಯೇ ಗಾಡಿ ಸಮೇತ ಬರುತ್ತಾರೆ. ಅದರಲ್ಲೂ ಅದಿರಿಗೆ ಬಂಗಾರದ ಬೆಲೆ ಬಂದಿದ್ದ ಆ ವರ್ಷಗಳಲ್ಲಿ ಕೇಳಲೇಬೇಡಿ. ಸೈಕಲ್ ತುಳಿಯುತ್ತಿದ್ದವರೂ ವಿದೇಶಿ ಕಾರು ತಂದು ನನ್ನ ಬಾಗಿಲಿಗೆ ನಿಲ್ಲಿಸುತ್ತಿದ್ದರು. ನನ್ನ ಬೋರ್ಡಿನಲ್ಲಿ ‘ಇಲ್ಲಿ ಗಾಡಿಯ ಸದ್ದು ಕಡಿಮೆ ಮಾಡಿಕೊಡಲಾಗುವುದು’ ಎಂದಿತ್ತು. ಬಂದವರೆಲ್ಲ ಜಾಸ್ತಿ ಮಾಡಿಸಿಕೊಂಡು ಹೋದರು.

೧. ಏಣಿಯೂ ಕತ್ತರಿಯೂ

ಸಂಡೂರಿನ ಕಡೆ ಅದಿರಿನ ಯಾರ್ಡು ಇಟ್ಟಿದ್ದ ಧಣಿಯೊಬ್ಬರಿದ್ದರು. ಅಷ್ಟು ವರ್ಷ ಗಡಗಡ ಎನ್ನುವ ಜೀಪಿನಲ್ಲೇ ಓಡಾಡಿದವರು, ಎಂಟು ಸಿಲಿಂಡರಿನ ಬಿಳಿ ಕಾರು ತರಿಸಿದ ಮರುದಿನವೇ ನನ್ನ ಹತ್ತಿರ ಬಂದರು.

“ಕಾರು ಮಸ್ತ್ ಐತ್ರಿ, ಆದ್ರ ಬೆಕ್ಕು ಬಂದಂಗ ಬರ್ತದ. ನಾ ಬರೋದು ಯಾರ್ಡಿನ ಮಂದಿಗೆ ಗೊತ್ತಾಗ್ಬೇಕು. ಎದ್ದು ದುಡೀಬೇಕು.”

ಅಂಥ ಕಾರಿನ ಹೊಟ್ಟೆಯಡಿ ಹೊಗೆ ಹೋಗಲು ಎರಡು ಕೊಳವೆ ಇರುತ್ತವೆ. ಅವೆರಡನ್ನೂ ನಡುವೆ ಜೋಡಿಸುವುದಕ್ಕೆ ಎರಡು ದಾರಿ. ನೆಲದ ಮೇಲೆ ಸೀಮೆಸುಣ್ಣದಿಂದ ಬರೆದು ತೋರಿಸಿದೆ.

“ಇದು ಎಚ್ ಪೈಪ್ ನೋಡ್ರಿ, ಏಣಿ ಮೆಟ್ಲಾ ಇದ್ದಂಗ. ಇದನ್ನ ಹಾಕಿದ್ರ ದಪ್ಪ ಗುಡುಗು. ಇದು ಎಕ್ಸ್, ಕತ್ತರಿ ಇದ್ದಂಗ. ಹೊಗಿ ಸರಾಗ ಹೋಗ್ತದ, ಗಾಡಿ ಜೋರು ಓಡ್ತದ. ಮೆಲ್ಲಕ ಹೊಡೆದ್ರ ಸಪ್ಪಳಾನೂ ಕಮ್ಮಿ.”

“ಜೋರು ಎಲ್ಲಿ ಓಡಿಸ್ಲಿ? ಇಲ್ಲಿಂದ ಸಂಡೂರ ತನಕ ಅದಿರಿನ ಲಾರಿ ನಿಂತಾವ. ಅದ್ರಾಗ ಅರ್ಧ ನನ್ನವ. ಏಣಿನ ಹಾಕ್ರಿ” ಎಂದರು ಧಣಿ.

೨. ದೂಳಿನ ನಡುವೆ ತೀರ್ಪು

ಧಣಿಯ ಭಾಮೈದ ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುತ್ತಿದ್ದರು. ಭಾವನಿಗಿಂತ ನಾನೇನು ಕಮ್ಮಿ ಎಂದು ಅವರೂ ಅಂಥದೇ ಬಿಳಿ ಕಾರು ತಂದು, ಬೇಕೆಂದೇ ಎಕ್ಸ್ ಪೈಪು ಹಾಕಿಸಿದರು. ಯಾವುದು ಮೇಲು ಎಂದು ಇಬ್ಬರಿಗೂ ವಾದವೋ ವಾದ. ಕೊನೆಗೆ ನನ್ನನ್ನು ಪಂಚನನ್ನಾಗಿ ಕೂರಿಸಿಕೊಂಡು ಸಂಡೂರು ರಸ್ತೆಗೆ ಎರಡೂ ಕಾರು ಹೊರಟವು.

ಸ್ವಲ್ಪ ದೂರಕ್ಕೇ ಲಾರಿ ಸಾಲು ಅಡ್ಡ ಸಿಕ್ಕಿತು. ಇಂಜಿನ್ ಆರಿಸದೆಯೇ ಇಳಿದು ಚಾ ಕುಡಿಯಲು ನಿಂತೆವು. ಅಷ್ಟರಲ್ಲಿ ಗಾಳಿ ಎದ್ದು, ಅದಿರಿನ ದೂಳು ಮುಸುಕಿ, ಎರಡೂ ಕಾರುಗಳು ನಂಬರ್ ಪ್ಲೇಟ್ ಸಮೇತ ಕೆಂಪಗಾಗಿ ಒಂದೇ ತರ ಕಂಡವು. ಇಬ್ಬರೂ ಹೋಗಿ ಅದಲು ಬದಲಾಗಿ ಕುಳಿತರು.

ಭಾಮೈದನ ಕಾರಿನ ಆಕ್ಸಿಲರೇಟರ್ ತುಳಿದು ಧಣಿ, “ಕೇಳ್ರಿ, ನಮ್ಮ ಏಣಿ ಗುಡುಗು” ಎಂದರು. ಧಣಿಯ ಕಾರಿನಲ್ಲಿ ಕುಳಿತ ಭಾಮೈದ, “ಕತ್ತರಿ ಅಂದ್ರ ಹಿಂಗ ನಯ ಇರ್ಬೇಕು ನೋಡ್ರಿ” ಎಂದರು.

ಸಪ್ಪಳದಲ್ಲೇ ನನಗೆ ಗೊತ್ತಾಗಿತ್ತು. ಹೇಳಿದರೆ ಎರಡು ಗಿರಾಕಿ ಕೈಬಿಡುತ್ತಾರೆಂದು, “ಇಬ್ಬರೂ ಗೆದ್ರಿ” ಎಂದು ತೀರ್ಪು ಕೊಟ್ಟೆ. ಸಂಜೆ ಭಾಮೈದ ಫೋನ್ ಮಾಡಿದರು. “ಅಲ್ರೀ, ನಮ್ಮ ಗಾಡ್ಯಾಗ ನಮ್ಮ ಭಾವನ ಎಲಿ-ಅಡಕಿ ಚಂಚಿ ಹೆಂಗ ಬಂತು?”

೩. ಒಂದು ಮಾತು ಹೇಳಬಾರದೇ

ಕಾರುಗಳು ತಮ್ಮ ತಮ್ಮ ಮನೆ ಸೇರಿ ಕೆಲವು ತಿಂಗಳಾದ ಮೇಲೆ ಧಣಿ ಚಿಂತೆಯ ಮುಖ ಮಾಡಿಕೊಂಡು ಬಂದರು.

“ನಾ ಹೋದಾಗೆಲ್ಲ ಯಾರ್ಡಿನ್ಯಾಗ ಬೆವರು ಸುರಿಸಿ ದುಡೀತಿರ್ತಾರ. ಆದ್ರ ಅದಿರಿನ ಗುಡ್ಡಿ ಮಾತ್ರ ಇದ್ದಂಗ ಐತಿ.”

“ಧಣೀ, ನಿಮ್ಮ ಗಾಡಿ ಸಪ್ಪಳ ಇನ್ನೂ ಎರಡು ಊರು ಆಚೆ ಇದ್ದಾಗ್ಲೇ ಅವ್ರಿಗೆ ಕೇಳ್ತದಲ್ರಿ” ಎಂದೆ.

ಧಣಿ ಬಾಯಲ್ಲಿದ್ದ ಎಲೆ ಉಗಿದು ಬಂದು, “ಏಣಿ ಬಿಚ್ಚಿ ಕತ್ತರಿ ಹಾಕ್ರಿ” ಎಂದರು.

ಮರುದಿನ ಮಧ್ಯಾಹ್ನ ಕಾರು ಮೆಲ್ಲಗೆ ಯಾರ್ಡಿನ ಒಳಗೇ ಹೋಗಿ ನಿಂತರೂ ಯಾರೂ ತಲೆ ಎತ್ತಲಿಲ್ಲವಂತೆ. ಅರ್ಧ ಮಂದಿ ಇಸ್ಪೀಟಿನಲ್ಲಿ, ಅರ್ಧ ಮಂದಿ ನಿದ್ದೆಯಲ್ಲಿ. ಸೂಪರ್‌ವೈಸರ್ ಅದಿರು ತುಂಬುವ ಲೋಡರ್ ಯಂತ್ರದ ಬಕೆಟ್ಟಿನಲ್ಲಿ ಟವೆಲ್ ಹಾಸಿ ಮಲಗಿದ್ದ. ಧಣಿ ತಟ್ಟಿ ಎಬ್ಬಿಸಿದರೆ ಅವನು ಹೆದರಲಿಲ್ಲ. ಕಾರನ್ನೂ ಧಣಿಯನ್ನೂ ನೋಡಿ ಭಾಳ ನೊಂದುಕೊಂಡನಂತೆ.

“ಏನ್ ಧಣೀ, ಪೈಪ್ ಬದ್ಲಿ ಮಾಡ್ಸಿದ್ರಿ, ನಮಗೊಂದ್ ಮಾತು ಹೇಳ್ಬಾರ್ದಾ?”

೪. ಧಣಿಯ ಸೋಲು

ವಾರದೊಳಗೆ ಧಣಿ ಮತ್ತೆ ಹಾಜರ್. ಯಾರ್ಡು ಹೇಗಿದೆ ಎಂದು ಕೇಳಿದೆ.

“ನೆಟ್ಟಗಾತ್ರಿ. ಯಾವಾಗ ಬರ್ತೀನೋ ಅಂತ ಹೆದ್ರಿ ದುಡೀತಾರ.”

“ಮತ್ತ ಮುಖ ಯಾಕ ಸಪ್ಪಗ?”

ಧಣಿ ಅತ್ತಿತ್ತ ನೋಡಿ ದನಿ ಇಳಿಸಿದರು. “ಮನ್ಯಾಗ ರೊಟ್ಟಿ ತಣ್ಣಗಾಗ್ಯಾವ. ಮದುವಿ ಆದಾಗಿಂದ ನಾ ಕೈ ತೊಳ್ಕಂಡು ಕುಂತ್ರ ಸಾಕು, ಬಿಸಿ ರೊಟ್ಟಿ ತಾಟಿಗೆ ಬೀಳ್ತಿತ್ತು. ನಾ ಬರೋದು ಆಕಿ ಮನಸಿಗೇ ತಿಳೀತದ ಅಂತ ಊರಾಗೆಲ್ಲ ಹೇಳ್ಕಂಡು ಅಡ್ಡಾಡೀನಿ. ನಿನ್ನೆ ಕೇಳಿದ್ರ, ‘ಮನಸೂ ಇಲ್ಲ, ಎಂಥದೂ ಇಲ್ಲ. ರೈಲ್ವೆ ಗೇಟಿನ ಹತ್ರ ಗಾಡಿ ಸಪ್ಪಳ ಕೇಳಿ ಒಲಿ ಮ್ಯಾಲ ಹಂಚು ಇಡ್ತಿದ್ದೆ’ ಅಂದ್ಲು.”

ನಗು ಬಂದುಬಿಟ್ಟೀತೆಂದು ನಾನು ಬೇಗ ಕಾರಿನಡಿ ಸೇರಿಕೊಂಡೆ. ನಿಜ ಹೇಳಬೇಕೆಂದರೆ, ಆ ಹೊತ್ತು ಧಣಿಯ ಮೇಲೆ ನನಗೆ ತುಂಬ ಪ್ರೀತಿ ಬಂತು. ಮತ್ತೆ ಏಣಿ ಹಾಕಲು ಕತ್ತರಿ ಬಿಚ್ಚುತ್ತ ಅಲ್ಲಿಂದಲೇ ಕೇಳಿದೆ.

“ಸಪ್ಪಳ ಬಂದ್ರ ಯಾರ್ಡಿನ ಮಂದಿ ಮತ್ತ ಮಲಗ್ತಾರಲ್ರಿ ಧಣೀ?”

ಧಣಿ ಪಂಚೆ ಎತ್ತಿಕಟ್ಟಿ, ಕಾರಿನಡಿಗೆ ಬಗ್ಗಿ ಹೇಳಿದರು.

“ಮಲಗ್ಲಿ ಬಿಡ್ರಿ. ನೀವು ಜಲ್ದಿ ಮಾಡ್ರಿ, ಊಟದ ಹೊತ್ತಾತು.”