ಹತ್ತನೇ ವಿಕೆಟ್ ಮಾವನದಾದರೆ

ಕ್ರಿಕೆಟ್ಟಿನ ನಲವತ್ತೆರಡು ನಿಯಮಗಳಲ್ಲಿ ಮೂವತ್ತೊಂದನೆಯ ಪೀಠವನ್ನು ಅಲಂಕರಿಸಿರುವ ‘ಮನವಿ’ ಎಂಬ ನಿಯಮದವರ ಸನ್ನಿಧಿಗೆ, ಸವದತ್ತಿಯಿಂದ ಅನೇಕ ವಂದನೆಗಳು.

ಮಾನ್ಯರೇ,

ಅಳದ ಕೂಸಿಗೆ ಹಡೆದವ್ವನೂ ಹಾಲು ಕುಡಿಸುವುದಿಲ್ಲ ಎಂದು ಯಾರೋ ಅಂದಿದ್ದರು, ಮುರಗೋಡದ ಬಸ್ಸಿನಲ್ಲೋ ತಹಶೀಲ್ದಾರ ಕಚೇರಿಯ ಸಾಲಿನಲ್ಲೋ ಈಗ ನೆನಪಿಲ್ಲ. ಅಂದವರು ತಮ್ಮನ್ನು ಓದಿರಲಿಕ್ಕಿಲ್ಲ, ತಾವು ಅವರನ್ನು ಕೇಳಿರಲಿಕ್ಕಿಲ್ಲ, ಆದರೂ ಇಬ್ಬರೂ ಒಂದೇ ಮಾತಿಗೆ ಬಂದು ನಿಂತಿದ್ದೀರಿ: ಕೇಳದವನಿಗೆ ಕೊಡಬಾರದು. ಬ್ಯಾಟ್ಸ್‌ಮನ್ ಔಟಾಗಿರುವುದು ಕುರುಡನಿಗೂ ಕಾಣುವಂತಿದ್ದರೂ, ಎದುರು ತಂಡದವರಲ್ಲಿ ಒಬ್ಬನಾದರೂ ‘ಹೌ ಈಸ್ ದಟ್’ ಎಂದು ಕೇಳದ ಹೊರತು ಅಂಪೈರ್ ಬೆರಳೆತ್ತಕೂಡದು ಎಂಬ ತಮ್ಮ ಕಟ್ಟಳೆಯನ್ನು ನಾನು ಇಪ್ಪತ್ತೆರಡು ವರ್ಷಗಳಿಂದ ಪಾಲಿಸುತ್ತ ಬಂದಿದ್ದೇನೆ. ನಾನು ಇಲ್ಲಿಯ ವಾಚನಾಲಯವೊಂದರ ಗ್ರಂಥಪಾಲಕ. ನಿಯಮಗಳ ಪುಸ್ತಕ ನನ್ನೊಬ್ಬನಲ್ಲೇ ಇರುವುದರಿಂದಲೂ, ಯಾವ ಊರು ಗೆದ್ದರೂ ನನಗೆ ಒಂದೇ ಎಂಬುದು ಎಲ್ಲರಿಗೂ ಗೊತ್ತಿರುವುದರಿಂದಲೂ ಸುತ್ತಲಿನ ಪಂದ್ಯಗಳಿಗೆ ನನ್ನನ್ನೇ ಕರೆಯುತ್ತಾರೆ. ಎರಡನೆಯ ಕಾರಣವನ್ನು ಅವರು ಹೊಗಳಿಕೆಯ ಧಾಟಿಯಲ್ಲಿಯೇ ಹೇಳುತ್ತಾರೆ.

ಕಳೆದ ಫೆಬ್ರುವರಿಯಲ್ಲಿ ಉಗರಗೋಳಕ್ಕೂ ಮುರಗೋಡಕ್ಕೂ ನಡೆದ ಪಂದ್ಯ ತಮ್ಮ ಗಮನಕ್ಕೆ ಬಂದಿರಲಾರದು. ಗುಡ್ಡದ ಗಾಳಿಗೆ ಸ್ಟಂಪಿನ ಮೇಲಿನ ಬೇಲ್ಸ್ ನಿಲ್ಲದೆ, ತಮ್ಮ ಸಹೋದ್ಯೋಗಿಗಳಾದ ಎಂಟನೆಯ ನಿಯಮದವರ ಅನುಮತಿಯಂತೆ ನಾನು ಅವನ್ನು ಕಿಸೆಯಲ್ಲಿಟ್ಟುಕೊಂಡೇ ಆಟ ನಡೆಸಿದೆ. ಉಗರಗೋಳದ ಬೌಲರ್ ಭೀಮಶಿ, ಗುಡ್ಡದ ದೇವಿಯ ದರ್ಶನಕ್ಕೆ ಬರುವವರಿಗೆ ಕಾಯಿ, ಭಂಡಾರದ ಅರಿಸಿನ ಮಾರುವವನು, ಮೂವತ್ತಾರು ವರ್ಷದವನು, ಬಲಭುಜ ಸವೆದವನು. ಬೆಳಿಗ್ಗೆಯೇ ನನ್ನ ಬಳಿ ಬಂದು, ‘ಸರ, ಇದು ಕಡೀ ಮ್ಯಾಚರಿ. ಇನ್ನ ಚೆಂಡ ಒಗದಿ ಅಂದ್ರ ಉಣ್ಣಾಕೂ ಕೈ ಏಳೂದಿಲ್ಲ ಅಂದಾರ ಡಾಕ್ಟರು’ ಎಂದಿದ್ದ. ನಮ್ಮಲ್ಲಿ ಒಬ್ಬ ಬೌಲರನಿಗೆ ಇಷ್ಟೇ ಓವರು ಎಂಬ ಮಿತಿ ಇಲ್ಲ, ತೋಳು ತಡೆಯುವ ತನಕ ಹಾಕಬಹುದು. ಅವನು ನೋವು ತಡೆದುಕೊಂಡು ಹಾಕಿದ. ಮುರಗೋಡದ ಒಂಬತ್ತು ವಿಕೆಟ್ ಬಿದ್ದವು, ಒಂಬತ್ತೂ ಅವನವೇ. ಅವರಿಗೆ ಗೆಲ್ಲಲು ಇನ್ನು ಮೂರು ರನ್ ಬೇಕಿತ್ತು, ಅವನಿಗೆ ಇನ್ನೊಂದು ವಿಕೆಟ್. ಟೆಸ್ಟ್ ಪಂದ್ಯಗಳ ಇಷ್ಟು ವರ್ಷಗಳ ಚರಿತ್ರೆಯಲ್ಲಿ ಒಂದೇ ಇನಿಂಗ್ಸಿನ ಹತ್ತೂ ವಿಕೆಟ್ ಪಡೆದವರು ಮೂವರೇ ಮೂವರು ಎಂಬುದು ತಮಗೆ ತಿಳಿದದ್ದೇ. ಆ ಮೂವರಲ್ಲಿ ಯಾರ ಹತ್ತನೆಯ ವಿಕೆಟ್ಟೂ ಹೆಂಡತಿಯ ತಂದೆಯದಾಗಿರಲಿಲ್ಲ ಎಂದು ಮಾತ್ರ ನಾನು ಧೈರ್ಯವಾಗಿ ಹೇಳಬಲ್ಲೆ.

ಮುರಗೋಡದವರಿಗೆ ಬೆಳಿಗ್ಗೆ ಹನ್ನೊಂದು ಮಂದಿ ತುಂಬದೆ, ಆಟ ನೋಡಲು ಬಂದಿದ್ದ ಹಣಮಂತಪ್ಪನವರ ಹೆಸರನ್ನು ಕೊನೆಗೆ ಬರೆಸಿದ್ದರು. ಅವರು ಭೀಮಶಿಯ ಹೆಂಡತಿ ಅನ್ನಪೂರ್ಣಾಳ ತಂದೆ, ಅರವತ್ತೊಂದು ವರ್ಷದ ಹಿರಿಯರು. ಧೋತರದ ಮೇಲೆ ಒಂದೇ ಕಾಲಿಗೆ ಪ್ಯಾಡ್ ಕಟ್ಟಿಕೊಂಡು ಬರುವಷ್ಟರಲ್ಲಿ ಐದು ನಿಮಿಷವಾಗಿತ್ತು. ಮೂರು ನಿಮಿಷದೊಳಗೆ ಬರದವನು ಔಟು, ಆದರೆ ಅದನ್ನೂ ಯಾರಾದರೂ ಕೇಳಬೇಕು. ವಿಕೆಟ್‌ಕೀಪರ್ ಬಸಯ್ಯ ಕೇಳಲೆಂದು ಬಾಯಿ ತೆರೆದಾಗ ಭೀಮಶಿಯೇ ಅವನನ್ನು ತಡೆದ. ಹಾಗೆ ಔಟಾದರೆ ವಿಕೆಟ್ಟು ಬೌಲರನ ಹೆಸರಿಗೆ ಹೋಗುವುದಿಲ್ಲ.

ಮೊದಲನೆಯ ಚೆಂಡಿಗೇ ಹಣಮಂತಪ್ಪನವರ ಬ್ಯಾಟಿನ ಅಂಚು ಟಕ್ಕೆಂದಿತು. ಬೇಲಿಯ ಬದಿಯಲ್ಲಿ ಶೇಂಗಾ ಸುಲಿಯುತ್ತಿದ್ದವರೂ ತಲೆಯೆತ್ತಿದರು. ಬಸಯ್ಯ ಎದೆಯ ಮಟ್ಟದಲ್ಲಿ ಚೆಂಡು ಹಿಡಿದ. ಮನವಿ ಮಾತ್ರ ಯಾರಿಂದಲೂ ಬರಲಿಲ್ಲ. ಹತ್ತು ಮಂದಿ ಭೀಮಶಿಯ ಮುಖ ನೋಡಿದರು. ‘ಮಾವ ಅಳಿಯಾನ ನಡುವ ನಾ ಯಾಕ ಬಾಯಿ ಹಾಕ್ಲಿರಿ, ನಾಳೆ ಅನ್ನಪೂರ್ಣಕ್ಕಗ ಮಾರಿ ತೋರಸೂದು ಬ್ಯಾಡೇನು’ ಎಂದು ಬಸಯ್ಯ ಆಮೇಲೆ ನನಗೆ ವಿವರಿಸಿದ. ಭೀಮಶಿಯಾದರೋ, ಮಾವನ ಎದುರಿಗೆ ಜೋರಾಗಿ ಕೆಮ್ಮಲೂ ಹಿಂಜರಿಯುವ ಮನೆತನದವನು. ಎರಡೂ ಕೈ ಎತ್ತಿ ಆ ಹಿರಿಯರ ಕಡೆ ತಿರುಗಿ ಕಿರುಚುವುದು ಅವನಿಂದ ಆಗುವ ಮಾತಲ್ಲ. ಅವನು ಟೊಪ್ಪಿಗೆ ತೆಗೆದ, ನನ್ನ ಹತ್ತಿರ ಬಂದ, ತಗ್ಗಿದ ದನಿಯಲ್ಲಿ ಕೇಳಿದ: ‘ಹೆಂಗ್ರಿ ಸರ?’

‘ಅರಾಮ ಅದೇನಪಾ’ ಎಂದೆ ನಾನು. ‘ನೀ ಹೆಂಗ ಅದಿ?’

‘ಅರಾಮ ಅದೇನ್ರಿ’ ಎಂದ ಭೀಮಶಿ, ಹಾಗೆ ಕೇಳಿದರೆ ನಮ್ಮ ಕಡೆ ಬೇರೆ ಉತ್ತರವಿಲ್ಲವಾದ್ದರಿಂದ. ಟೊಪ್ಪಿಗೆ ಹಾಕಿಕೊಂಡು ತನ್ನ ಓಟದ ಗುರುತಿನತ್ತ ಹೊರಟ. ಬೌಲರ್ ಮುಂದಿನ ಚೆಂಡಿಗೆ ಓಡಲು ಶುರು ಮಾಡಿದೊಡನೆ ಹಿಂದಿನ ಚೆಂಡಿನ ಮನವಿಗೆ ಬಾಗಿಲು ಮುಚ್ಚುತ್ತದೆ ಎಂದು ತಾವು ವಿಧಿಸಿದ್ದೀರಿ. ಅವನು ಓಡಿದ, ಬಾಗಿಲು ಮುಚ್ಚಿತು. ಹಣಮಂತಪ್ಪನವರು ಕಣ್ಣು ಮುಚ್ಚಿ ಬೀಸಿದ ಬ್ಯಾಟಿಗೆ ಸಿಕ್ಕ ಚೆಂಡು ಸ್ಲಿಪ್ಪಿನವರ ತಲೆಯ ಮೇಲಿಂದ ಬೌಂಡರಿಗೆ ಹೋಯಿತು, ಮುರಗೋಡ ಗೆದ್ದಿತು.

ಪಂದ್ಯದ ನಂತರ ಭೀಮಶಿ ನನ್ನ ಸೈಕಲ್ಲಿನ ಪಕ್ಕ ಬಂದು ನಿಂತು, ‘ನಾ ಕೇಳಿದ್ನೆಲ್ರಿ ಸರ’ ಎಂದ. ನಾನೂ ಹೇಳಿದೆನಲ್ಲ ಎಂದೆ. ‘ನಿಮ್ಮದು ಕೇಳಲಿಲ್ರಿ, ಚೆಂಡಿಂದು ಕೇಳಿದ್ದೆ’ ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಈ ಪತ್ರದ ಅಗತ್ಯ ಬೀಳುತ್ತಿರಲಿಲ್ಲ. ಹಣಮಂತಪ್ಪನವರು ಮಾತ್ರ ಪ್ಯಾಡ್ ಬಿಚ್ಚುತ್ತ ನಾಲ್ಕು ಮಂದಿಗೆ ಕೇಳುವಂತೆಯೇ ಹೇಳಿದರು: ‘ಅಂವ ಕೇಳಲಿಲ್ಲ, ನಾ ಹೋಗಲಿಲ್ಲ. ನನ್ನ ಮಗಳನ್ನ ಕೇಳಾಕ ಬಂದಾಗೂ ಅಂವ ಬಾಯಿ ಬಿಟ್ಟಿಲ್ಲ, ಅವರಪ್ಪ ಕೇಳಿದ್ದ.’

ಮಾನ್ಯರೇ, ತಮ್ಮ ದೂರದೃಷ್ಟಿಯನ್ನು ಎಷ್ಟು ಕೊಂಡಾಡಿದರೂ ಕಡಿಮೆಯೇ. ‘ಹೌ ಈಸ್ ದಟ್’ ಎಂಬ ಮೂರು ಪದಗಳಲ್ಲಿ ಔಟಾಗುವ ಎಲ್ಲ ಬಗೆಗಳೂ ಅಡಗಿವೆ ಎಂದು ತಾವು ಸಾರಿದ್ದೀರಿ. ಹಾಗಿದ್ದರೆ ನಮ್ಮ ‘ಹೆಂಗ್ರಿ’ಯಲ್ಲಿ ಔಟಿನ ಜತೆಗೆ ಮಳೆ, ಬೆಳೆ, ಮೊಣಕಾಲು ನೋವು, ಮಗಳ ಪರೀಕ್ಷೆ ಇವೂ ಅಡಗಿವೆ ಎಂಬುದನ್ನು ತಾವು ಮೆಚ್ಚಬೇಕು. ಮಾವನೂ ಅಳಿಯನೂ ಮುಖಕ್ಕೆ ಮುಖ ಕೊಟ್ಟು ಕಿರುಚಬಲ್ಲ ದೇಶದಲ್ಲಿ ಕುಳಿತು ತಾವು ರಚನೆಗೊಂಡಿರಿ, ಅದಕ್ಕಾಗಿ ನಾವು ತಮ್ಮನ್ನು ದೂರುವುದಿಲ್ಲ. ಮುಂದಿನ ಪರಿಷ್ಕರಣೆಯಲ್ಲಿ ಸ್ವಲ್ಪ ಜಾಗ ಮಾಡಿಕೊಟ್ಟರೆ ಸಾಕು. ಬೀಗರ ನಡುವಿನ ಔಟಿಗೆ ಹುಡುಗನ ಕಡೆಯ ಹಿರಿಯರೊಬ್ಬರು ಎಲೆ ಅಡಿಕೆಯೊಂದಿಗೆ ಬಂದು ಮನವಿ ಸಲ್ಲಿಸಲು ಮುಂದಿನ ಅಮಾವಾಸ್ಯೆಯ ತನಕ ಅವಕಾಶವಿರಲಿ. ಬ್ಯಾಟ್ಸ್‌ಮನ್ನನ ಮಗಳಿಗೆ, ಅವಳು ಊರಲ್ಲಿ ರೊಟ್ಟಿ ಬಡಿಯುತ್ತಿದ್ದರೂ, ಫೋನಿನ ಮೂಲಕ ಕೇಳುವ ಹಕ್ಕಿರಲಿ. ಅನ್ನಪೂರ್ಣಾ ಕೇಳಿದ್ದರೆ ಹಣಮಂತಪ್ಪನವರು ಪ್ಯಾಡ್ ಬಿಚ್ಚಲೂ ನಿಲ್ಲುತ್ತಿರಲಿಲ್ಲ ಎಂದು ಎರಡೂ ಊರಿನವರು ಒಪ್ಪುತ್ತಾರೆ. ಇದಾವುದೂ ಸಾಧ್ಯವಿಲ್ಲವೆಂದರೆ, ಕುಶಲ ಪ್ರಶ್ನೆ ಕೇಳಿದವನಿಗೆ ಕಡ್ಡಾಯವಾಗಿ ಒಂದು ವಿಕೆಟ್ ಕೊಡತಕ್ಕದ್ದು ಎಂದು ಬರೆದುಬಿಡಿ. ಆಗ ನಮ್ಮ ತಾಲೂಕಿನಲ್ಲಿ ಯಾವ ಪಂದ್ಯವೂ ಐದು ನಿಮಿಷ ಮೀರುವುದಿಲ್ಲ.

ಇಲ್ಲಿಗೆ ನನ್ನ ದೂರು ಮುಗಿಯಬೇಕಿತ್ತು. ಆದರೆ ತಮ್ಮಂಥವರೊಂದಿಗೆ ಅರ್ಧ ಹೇಳಿ ಅರ್ಧ ಬಿಡುವುದು ಸರಿಯಲ್ಲ. ಬ್ಯಾಟಿನ ಅಂಚಿನ ಆ ಸಪ್ಪಳ ನನಗೂ ಕೇಳಿತ್ತು. ಆ ಪ್ರಶ್ನೆ ನನ್ನ ಬಗ್ಗೆಯೇ ಎಂದು ನಾನು ನಂಬಿದ್ದು ಕಣ್ಣು ಮಿಟುಕಿಸುವಷ್ಟು ಹೊತ್ತು. ಪುಸ್ತಕ ಮರಳಿಸುವ ಕೊನೆಯ ದಿನಾಂಕವನ್ನಲ್ಲದೆ ಬೇರೇನನ್ನೂ ಜನ ನನ್ನನ್ನು ಕೇಳದೆ ಬಹಳ ವರ್ಷಗಳಾಗಿರುವುದರಿಂದ ಉತ್ತರ ತಾನಾಗಿ ಹೊರಬಿತ್ತು, ಅದೂ ನಿಜವಾದ ಉತ್ತರವಾಗಿರಲಿಲ್ಲ. ಭೀಮಶಿ ತನ್ನ ಗುರುತನ್ನು ಮುಟ್ಟಲು ಹನ್ನೆರಡು ಹೆಜ್ಜೆ ನಡೆಯಬೇಕಿತ್ತು. ಅವನು ಏನು ಕೇಳಿದ್ದನೆಂಬುದು ಐದನೆಯ ಹೆಜ್ಜೆಗೆ ನನಗೆ ಹೊಳೆದಿತ್ತು. ಬಾಗಿಲು ಇನ್ನೂ ತೆರೆದೇ ಇತ್ತು, ಅವನನ್ನು ನಿಲ್ಲಿಸಿ ಬೆರಳೆತ್ತಬಹುದಿತ್ತು. ಹಾಗೆ ಮಾಡಿದರೆ, ಯಾರು ಗೆದ್ದರೂ ಒಂದೇ ಎನ್ನುವ ಈ ಅಂಪೈರು ನಡುಮೈದಾನದಲ್ಲಿ ತನ್ನ ಯೋಗಕ್ಷೇಮ ವಿಚಾರಿಸಿದರೆಂದು ಹಿಗ್ಗಿದ ಎಂಬುದು ಎರಡು ಊರುಗಳಿಗೆ ಗೊತ್ತಾಗುತ್ತಿತ್ತು. ಉಳಿದ ಏಳು ಹೆಜ್ಜೆಗಳನ್ನು ನಾನು ಕಿಸೆಯಲ್ಲಿ ಬೇಲ್ಸ್ ಎಣಿಸುತ್ತ ಕಳೆದೆ. ಅವು ಎರಡು ಜೋಡಿ ಇದ್ದವು. ಈ ತಪ್ಪನ್ನು ತಮ್ಮ ತಲೆಯ ಮೇಲೆ ಹೊತ್ತುಕೊಳ್ಳಬೇಕೆಂಬುದೇ ನನ್ನ ಮುಖ್ಯ ಕೋರಿಕೆ. ತಮಗೆ ತಲೆ ಇಲ್ಲದಿರುವುದು ಇದಕ್ಕೆ ಅನುಕೂಲವೇ ಆಗಿದೆ.

ತಮ್ಮನ್ನು ಬಾಯಿಪಾಠ ಮಾಡಿಯೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ದಿಗಂಬರ
ಸವದತ್ತಿ

ತಾ.ಕ.: ಔಟಾಗದೆಯೇ ಔಟಾದೆನೆಂದು ತಪ್ಪು ತಿಳಿದು ಹೊರಟ ಬ್ಯಾಟ್ಸ್‌ಮನ್ನನನ್ನು ಅಂಪೈರ್ ತಡೆದು ವಾಪಸು ಕರೆಯಬೇಕೆಂದು ತಾವು ಕರುಣೆಯಿಂದ ಬರೆದಿದ್ದೀರಿ. ಉತ್ತರ ಸಿಕ್ಕಿತೆಂದು ತಪ್ಪು ತಿಳಿದು ಹಿಂದಿರುಗಿದ ಬೌಲರನಿಗಾಗಿ ಎಲ್ಲೂ ಒಂದು ಸಾಲಿಲ್ಲ, ನಾನು ಮೂರು ಸಲ ಹುಡುಕಿದೆ. ತಮ್ಮಿಂದ ಉತ್ತರದ ನಿರೀಕ್ಷೆಯಿಲ್ಲ, ನಾನು ಕೇಳಬೇಕಾದವನು ಬೇರೆಯೇ ಇದ್ದಾನೆ, ಅವನು ಈ ಸಲ ತಂಡಕ್ಕೆ ಹೆಸರು ಕೊಟ್ಟಿಲ್ಲ. ಭೀಮಶಿ, ಓಡಲು ಶುರು ಮಾಡುವ ಮೊದಲು ನೀನು ಚೆಂಡನ್ನು ಅಂಗಿಗೆ ಒರೆಸುತ್ತ ಬೇಕಿದ್ದಕ್ಕಿಂತ ಹೆಚ್ಚು ಹೊತ್ತು ನಿಂತು ನನ್ನ ಮುಖವನ್ನೇ ನೋಡಿದೆಯಲ್ಲ, ಅಲ್ಲಿ ನಿನಗೆ ಏನು ಕಂಡಿತು?